ಬಂಡೆ ಕಡಿಯದೆ ಕಟ್ಟಿದವರು

ಕೇಳುಗರಿಗೆ ನಮಸ್ಕಾರ.

‘ನಿಸರ್ಗದ ಮಡಿಲಲ್ಲಿ’ ಅನ್ನುವ ಹೋಟೆಲ್ ಜಾಹೀರಾತುಗಳನ್ನು ನೀವೂ ನೋಡಿರುತ್ತೀರಿ. ಎಷ್ಟೋ ಕಡೆ ಗುಡ್ಡ ಕಡಿದು ಮಟ್ಟ ಮಾಡಿರುತ್ತಾರೆ. ಆಮೇಲೆ ಗೋಡೆಗೆ ಒಂದಿಷ್ಟು ಒರಟು ಕಲ್ಲು ಅಂಟಿಸಿರುತ್ತಾರೆ, ಅಷ್ಟೇ. ಕಟ್ಟಡ ಎಲ್ಲಿ ನಿಲ್ಲಬೇಕು, ಯಾವುದನ್ನು ಮುಟ್ಟಬಾರದು ಅನ್ನುವುದು ಗೋಡೆಯ ಬಣ್ಣಕ್ಕಿಂತ ಬಹಳ ಮೊದಲು ತೀರ್ಮಾನ ಆಗಬೇಕಾದ ಮಾತು.

ಶ್ರೀಲಂಕಾದ ಕಂದಲಮ ಹೋಟೆಲನ್ನೇ ತೆಗೆದುಕೊಳ್ಳಿ. ವಾಸ್ತುಶಿಲ್ಪಿ ಜೆಫ್ರಿ ಬಾವಾ ಅವರಿಗೆ ಮೊದಲು ತೋರಿಸಿದ್ದು ಪುರಾತನ ಕೋಟೆಯಿರುವ ಹೆಸರಾಂತ ಸಿಗಿರಿಯಾ ಬಂಡೆಯ ಬುಡದ ಜಾಗ. ಯಾರಾದರೂ ಕುಣಿದಾಡಿ ಒಪ್ಪುವಂಥದ್ದು. ಬಾವಾ ಬೇಡ ಎಂದರು. ದೂರದ ಕಂದಲಮ ಕೆರೆಯ ಪಕ್ಕದ ಬೆಟ್ಟದ ಅಂಚನ್ನು ಆರಿಸಿದರು. ಸಿಗಿರಿಯಾ ಅಲ್ಲಿಂದ ಕಾಣುತ್ತದೆ, ಆದರೆ ಕೆರೆಯಾಚೆ, ದೂರದಲ್ಲಿ. 1990ರ ದಶಕದ ಮೊದಲಲ್ಲಿ ಕಟ್ಟಿದ ಈ ಹೋಟೆಲ್ ಬಂಡೆಯ ಮೈಯನ್ನೇ ಅನುಸರಿಸಿ ಉದ್ದಕ್ಕೆ ಚಾಚಿಕೊಂಡಿದೆ. ಒಳಗೆ ಹೋಗುವ ದಾರಿಯೇ ಗುಹೆಯ ಥರ. ಮುಂದೆ ಹೋದರೆ ಲಾಬಿಯೊಳಕ್ಕೆ ಬಂಡೆಯೇ ನುಗ್ಗಿಕೊಂಡಿದೆ, ಅದನ್ನು ಕಡಿದಿಲ್ಲ. ಕಟ್ಟಡ ಕಂಬಗಳ ಮೇಲೆ ನಿಂತಿರುವುದರಿಂದ ಬೆಟ್ಟದ ಮಳೆನೀರು ಅಡಿಯಲ್ಲೇ ಹರಿದುಹೋಗುತ್ತದೆ. ನಿಜ ಹೇಳಬೇಕೆಂದರೆ, ಚೌಕಟ್ಟು ಬರೀ ಸಾದಾ ಕಾಂಕ್ರೀಟು. ಈಗ ಬಳ್ಳಿಗಳು ಅದನ್ನು ಎಷ್ಟು ಮುಚ್ಚಿವೆ ಅಂದರೆ, ಕೆರೆಯ ಕಡೆಯಿಂದ ಹೋಟೆಲನ್ನು ಹುಡುಕಬೇಕು! ಹಾಗಂತ ಎಲ್ಲರೂ ಚಪ್ಪಾಳೆ ತಟ್ಟಲಿಲ್ಲ. ಕೆರೆಯ ನೀರು ಕೆಡುತ್ತದೆ ಎಂದು ಆಗ ಪ್ರತಿಭಟನೆಗಳು ನಡೆದವು. ಆ ಆತಂಕ ನ್ಯಾಯವಾದದ್ದೇ. ಕಟ್ಟಡ ಕಣ್ಣಿಗೆ ಬೀಳದಿದ್ದರೂ ಅದರ ಕೊಳಚೆ ನೀರು ಎಲ್ಲಿಗಾದರೂ ಹೋಗಲೇಬೇಕು, ಅಲ್ವಾ?

ನಾರ್ವೆಯ ಯೂವೆಟ್ ಹೋಟೆಲಿನಲ್ಲಿ ಕೋಣೆಗಳು ಬಿಡಿಬಿಡಿಯಾಗಿ ಮರಗಳ ನಡುವೆ ನಿಂತಿವೆ. ಬಂಡೆ ಸಿಡಿಸಿ ಪಾಯ ತೆಗೆದಿಲ್ಲ. ಬಂಡೆಗೆ ರಂಧ್ರ ಕೊರೆದು, 40 ಮಿಲಿಮೀಟರ್ ದಪ್ಪದ ಉಕ್ಕಿನ ಸರಳು ನೆಟ್ಟು, ಅವುಗಳ ಮೇಲೆ ಮರದ ಕೋಣೆ ಕೂರಿಸಿದ್ದಾರೆ. ಒಂದು ಕೋಣೆಯಿಂದ ಇನ್ನೊಂದು ಕಾಣುವುದಿಲ್ಲ. ಒಳಗಿನ ಗೋಡೆಗಳಿಗೆ ಕಪ್ಪು ಬೆರೆಸಿದ ಎಣ್ಣೆ ಬಳಿದಿದ್ದಾರೆ. ಗಾಜಿನಲ್ಲಿ ಕೋಣೆಯ ಪ್ರತಿಬಿಂಬ ಕಡಿಮೆಯಾಗಿ ಹೊರಗಿನ ಕಾಡು ಚೆನ್ನಾಗಿ ಕಾಣಲಿ ಅಂತ.

ಕಣ್ಣಿಗೆ ಕಾಣುವುದಷ್ಟೇ ಜಾಗ ಅಲ್ಲ. ಗಾಳಿ, ಬಿಸಿಲು ಕೂಡ ಜಾಗವೇ. ಕ್ಯಾಲಿಫೋರ್ನಿಯಾದ ಕಡಲತೀರದ ಸೀ ರಾಂಚ್ ಮನೆಗಳ ಮಾಡು ಗಾಳಿಯನ್ನು ಮೇಲಕ್ಕೆ ಹಾಯಿಸುವಂತೆ ಓರೆಯಾಗಿದೆ. ಆಸ್ಟ್ರೇಲಿಯಾದ ವಾಸ್ತುಶಿಲ್ಪಿ ಗ್ಲೆನ್ ಮರ್ಕಟ್ 1984ರಲ್ಲಿ ಮುಗಿಸಿದ ಮ್ಯಾಗ್ನಿ ಮನೆ ಉತ್ತರಕ್ಕೆ ತೆರೆದುಕೊಂಡಿದೆ. ಅಲ್ಲಿ ಚಳಿಗಾಲದ ಬಿಸಿಲು ಉತ್ತರದಿಂದ ಬರುತ್ತದೆ. ಮಾಡಿನ ನಡುವಿನ ತಗ್ಗಿನಲ್ಲಿ ಮಳೆನೀರು ಕೂಡಿಕೊಳ್ಳುತ್ತದೆ.

ಇನ್ನು ಅಮೆರಿಕದ ಫಾಲಿಂಗ್‌ವಾಟರ್. 1930ರ ದಶಕದ ಮನೆ, ಆದರೂ ಇವತ್ತಿಗೂ ಎಲ್ಲರೂ ಉದಾಹರಣೆ ಕೊಡುವುದು ಅದನ್ನೇ. ಜಲಪಾತ ಕಾಣುವಂತೆ ಮನೆ ಬೇಕು ಎಂದುಕೊಂಡಿದ್ದವರಿಗೆ ವಾಸ್ತುಶಿಲ್ಪಿ ಫ್ರಾಂಕ್ ಲಾಯ್ಡ್ ರೈಟ್ ಜಲಪಾತದ ಮೇಲೆಯೇ ಮನೆ ಕಟ್ಟಿಕೊಟ್ಟರು. ನೀರಿನ ಸದ್ದು ಸದಾ ಕೇಳುತ್ತದೆ, ಜಲಪಾತ ನೋಡಬೇಕೆಂದರೆ ಹೊರಗೆ ಬರಬೇಕು! ಇದು ನನಗೆ ತುಂಬಾ ಇಷ್ಟವಾದ ಮೊಂಡಾಟ. ಆದರೆ ಹೊರಚಾಚಿದ ಕಾಂಕ್ರೀಟು ತಾರಸಿಗಳು ವರ್ಷ ಕಳೆದಂತೆ ಜಗ್ಗಿದವು. 2002ರ ಹೊತ್ತಿಗೆ ಉಕ್ಕಿನ ಕೇಬಲ್ ಹಾಕಿ ಬಿಗಿಯಬೇಕಾಯಿತು. ಜಾಗ ಹೊಳೆಗೆ ಒಪ್ಪಿತ್ತು, ಆದರೆ ಕಾಂಕ್ರೀಟಿನೊಳಗೆ ಹಾಕಿದ ಕಬ್ಬಿಣ ಆ ಭಾರಕ್ಕೆ ಸಾಲದಾಗಿತ್ತು.

ನಮಸ್ಕಾರ.