ಮುಟ್ಟದ ಹಣ

ಕೇಳುಗರೆಲ್ಲರಿಗೂ ನಮಸ್ಕಾರ.

ಅಮೆರಿಕದ ಸರ್ಕಾರಿ ಖಜಾನೆಯಲ್ಲಿ 100 ಕೋಟಿ ಡಾಲರಿಗೂ ಜಾಸ್ತಿ ಹಣ ಸುಮ್ನೆ ಬಿದ್ದಿದೆ. ಅದರ ವಾರಸುದಾರರು ಶ್ರೀಮಂತರೇನಲ್ಲ, ಆ ದೇಶದ ಕಡುಬಡವರ ಸಾಲಿನಲ್ಲಿ ಇರುವವರು. ಆದರೂ ಅವರು ಆ ಹಣ ಬೇಡವೇ ಬೇಡ ಎನ್ನುತ್ತಾರೆ. ಇವತ್ತು ಅವರ ಕಥೆ ಹೇಳುತ್ತೇನೆ.

ಇವರು ಅಮೆರಿಕದ ಮೂಲನಿವಾಸಿಗಳು, ಇವರನ್ನು ಸೂ ಜನ ಎನ್ನುತ್ತಾರೆ. ಅದು ಅವರೇ ಇಟ್ಟುಕೊಂಡ ಹೆಸರಲ್ಲ. ನೆರೆಯ ಒಜಿಬ್ವೆ ಜನ ಕರೆದ ಉದ್ದನೆಯ ಹೆಸರೊಂದು ಫ್ರೆಂಚರ ಬಾಯಿಗೆ ಬಿದ್ದು, ಬಾಲವಷ್ಟೇ ಉಳಿದು ‘ಸೂ’ ಆಯಿತು. ತಮ್ಮನ್ನು ತಾವು ಅವರು ಡಕೋಟಾ, ಲಕೋಟಾ ಎನ್ನುತ್ತಾರೆ. ಗೆಳೆಯರು, ಜೊತೆಗಾರರು ಎಂದು ಅರ್ಥ. ನಮ್ಮ ಅಂಚೆ ಲಕೋಟೆಗೂ ಇದಕ್ಕೂ ಸಂಬಂಧವಿಲ್ಲ, ಆದರೆ ಹೆಸರು ನೆನಪಿಟ್ಟುಕೊಳ್ಳಲು ಅನುಕೂಲ ಅಲ್ವಾ?

ಮೊದಲು ಪೆಟ್ಟು ಬಿದ್ದದ್ದು ಮಿನೆಸೋಟ ರಾಜ್ಯದ ಡಕೋಟಾ ಜನಕ್ಕೆ. ನೆಲ ಬಿಟ್ಟುಕೊಟ್ಟಿದ್ದಕ್ಕೆ ಸರ್ಕಾರ ವರ್ಷಾವರ್ಷ ಹಣ ಕೊಡಬೇಕಿತ್ತು. 1862ರಲ್ಲಿ ಅದು ಬರುವುದು ತಡವಾಯಿತು. ಉಗ್ರಾಣದಲ್ಲಿ ಧಾನ್ಯವಿತ್ತು, ಹೊರಗೆ ನಿಂತವರ ಹೊಟ್ಟೆ ಖಾಲಿ. ಯುದ್ಧವೇ ಆಯಿತು, ಎರಡೂ ಕಡೆ ಸಾವುಗಳಾದವು. ಆಮೇಲೆ ಸೇನೆಯ ವಿಚಾರಣೆ. ಕೆಲವರ ವಿಚಾರಣೆ ಐದು ನಿಮಿಷವೂ ನಡೆಯಲಿಲ್ಲ. 303 ಜನರಿಗೆ ಮರಣದಂಡನೆ. ಅಧ್ಯಕ್ಷ ಲಿಂಕನ್ ಬಹುಪಾಲು ಜನರನ್ನು ಆ ಪಟ್ಟಿಯಿಂದ ತೆಗೆದರು, ಆದರೂ ಡಿಸೆಂಬರ್ 26ರಂದು ಮ್ಯಾಂಕೇಟೋ ಊರಿನಲ್ಲಿ 38 ಜನರನ್ನು ಒಟ್ಟಿಗೇ ನೇಣಿಗೆ ಹಾಕಿದರು. ಆ ದೇಶದಲ್ಲಿ ಒಂದೇ ದಿನ ಅಷ್ಟು ಜನರನ್ನು ಗಲ್ಲಿಗೇರಿಸಿದ್ದು ಅದೊಂದೇ ಸಲ.

ಪಶ್ಚಿಮದಲ್ಲಿ ಮಾತ್ರ ಲಕೋಟಾ ಜನ ಗೆದ್ದರು. ಅವರ ಮುಖಂಡ ರೆಡ್ ಕ್ಲೌಡ್ ಎರಡು ವರ್ಷ ಹೋರಾಡಿದ. ಸೈನ್ಯ ಕೋಟೆಗಳನ್ನು ಖಾಲಿ ಮಾಡಿಕೊಂಡು ಹೋಗುವ ತನಕ ಕರಾರಿಗೆ ರುಜು ಹಾಕಲಿಲ್ಲ, ಅಂಥ ಗಟ್ಟಿಗ! 1868ರ ಆ ಕರಾರಿನ ಪ್ರಕಾರ ಮಿಸೌರಿ ನದಿಯ ಪಶ್ಚಿಮಕ್ಕಿರುವ ದೊಡ್ಡ ಸೀಮೆ ಅವರದು, ಅವರು ಪವಿತ್ರವೆಂದು ನಂಬುವ ಪಹಾ ಸಾಪಾ, ಅಂದರೆ ಕಪ್ಪು ಬೆಟ್ಟಗಳೂ ಸೇರಿ. ಇನ್ನೊಂದು ಷರತ್ತೂ ಇತ್ತು. ವಯಸ್ಸಿಗೆ ಬಂದ ಗಂಡಸರಲ್ಲಿ ನಾಲ್ಕರಲ್ಲಿ ಮೂರು ಪಾಲು ಜನ ರುಜು ಹಾಕದೆ ಒಂದು ತುಂಡು ನೆಲವೂ ಕೈ ಬದಲಾಯಿಸುವಂತಿಲ್ಲ.

ಆರೇ ವರ್ಷಕ್ಕೆ, 1874ರಲ್ಲಿ, ಕಸ್ಟರ್ ಎಂಬ ಸೇನಾಧಿಕಾರಿಯ ತಂಡ ಆ ಬೆಟ್ಟಗಳಲ್ಲಿ ಚಿನ್ನ ಕಂಡಿತು. ಇನ್ನೇನು, ಜನ ಗುದ್ದಲಿ ಹಿಡಿದು ನುಗ್ಗಿದರು. ಬೆಟ್ಟ ಮಾರಿ ಎಂದಿತು ಸರ್ಕಾರ, ಲಕೋಟಾ ಜನ ಒಪ್ಪಲಿಲ್ಲ. 1876ರ ಜೂನ್ 25ರಂದು ಲಿಟಲ್ ಬಿಗ್‌ಹಾರ್ನ್ ನದಿಯ ದಡದಲ್ಲಿ ಅವರು, ಷಯೆನ್ ಮತ್ತು ಅರಾಪಹೋ ಜನರೊಂದಿಗೆ ಸೇರಿ, ಕಸ್ಟರನ ಪಡೆಯನ್ನು ಮುಗಿಸಿದರು. ಈ ಯುದ್ಧದ ಬಗ್ಗೆ ಎಲ್ಲರೂ ಮಾತಾಡುತ್ತಾರೆ. ನನಗೆ ಅದಕ್ಕಿಂತ ಮುಖ್ಯ ಅನಿಸುವುದು ಆಮೇಲೆ ನಡೆದ ಕಾಗದದ ಕೆಲಸ.

ಚರ್ಮಕ್ಕಾಗಿ ಕಾಡೆಮ್ಮೆಗಳನ್ನು, ಅಂದರೆ ಬೈಸನ್‌ಗಳನ್ನು, ಬೇಟೆಗಾರರು ಮಂದೆ ಮಂದೆಯಾಗಿ ಕೊಂದು ಹಾಕುತ್ತಿದ್ದ ಕಾಲ ಅದು. ಹಾಗಾಗಿ ಬಹಳಷ್ಟು ಲಕೋಟಾ ಕುಟುಂಬಗಳು ಸರ್ಕಾರ ಅಳೆದು ಕೊಡುವ ಪಡಿತರದ ಮೇಲೆ ಬದುಕಿದ್ದವು. ಬೆಟ್ಟ ಬಿಟ್ಟುಕೊಟ್ಟರಷ್ಟೇ ಪಡಿತರ ಎಂದಿತು ಸಂಸತ್ತು. ಹಸಿದ ಜನರ ಮುಂದೆ ಕಾಗದ ಇಟ್ಟರೂ ನೂರಕ್ಕೆ ಹತ್ತರಷ್ಟು ಜನ ಮಾತ್ರ ರುಜು ಹಾಕಿದರು. ಬೇಕಿದ್ದದ್ದು ಎಪ್ಪತ್ತೈದು! ಆದರೂ 1877ರಲ್ಲಿ ಕಾನೂನು ಮಾಡಿ ಬೆಟ್ಟ ಕಿತ್ತುಕೊಂಡರು.

1890ರ ಡಿಸೆಂಬರ್ 29ರಂದು ವೂಂಡೆಡ್ ನೀ ಎಂಬ ಹಳ್ಳದ ಬಳಿ ಕಸ್ಟರನದೇ ಹಳೆಯ ರೆಜಿಮೆಂಟು 250ಕ್ಕೂ ಜಾಸ್ತಿ ಲಕೋಟಾ ಜನರನ್ನು ಕೊಂದಿತು. ಸತ್ತವರಲ್ಲಿ ಹೆಂಗಸರು, ಮಕ್ಕಳು ಬಹಳ. ಸುಮಾರು 20 ಸೈನಿಕರಿಗೆ ದೇಶದ ಅತಿ ದೊಡ್ಡ ಶೌರ್ಯ ಪದಕ ಸಿಕ್ಕಿತು.

ಬೆಟ್ಟದ ದಾವೆ 1923ರಲ್ಲಿ ಶುರುವಾಯಿತು. ತೀರ್ಪು ಬಂದದ್ದು 1980ರಲ್ಲಿ, ಅಷ್ಟರೊಳಗೆ ಅದೇ ಬೆಟ್ಟಗಳ ಒಂದು ಬಂಡೆಯಲ್ಲಿ ನಾಲ್ಕು ಅಧ್ಯಕ್ಷರ ಮುಖ ಕೆತ್ತಿ ಪ್ರವಾಸಿಗರಿಗೆ ತೋರಿಸುತ್ತಿದ್ದರು. ಸರ್ಕಾರ ಸರಿಯಾದ ಬೆಲೆ ಕೊಡದೆ ನೆಲ ಕಿತ್ತುಕೊಂಡಿದೆ ಎಂದು ಸುಪ್ರೀಂ ಕೋರ್ಟ್ ಒಪ್ಪಿತು. ನೆಲದ ಬೆಲೆ 1 ಕೋಟಿ 71 ಲಕ್ಷ ಡಾಲರ್, ಮೇಲೆ 1877ರಿಂದ ಶೇಕಡ 5ರ ಬಡ್ಡಿ, ಎಲ್ಲ ಸೇರಿ 10 ಕೋಟಿ ದಾಟಿತು. ಆದರೆ ಬೆಟ್ಟ ವಾಪಸ್ ಬರಲಿಲ್ಲ. ಹಣ ತೆಗೆದುಕೊಂಡರೆ ಮಾರಿದ ಹಾಗೆ, ನಾವು ಮಾರಿಯೇ ಇಲ್ಲವಲ್ಲ ಎನ್ನುವುದು ಅವರ ವಾದ. ಆ 10 ಕೋಟಿಯೇ ಇಂದು ಬೆಳೆದು 100 ಕೋಟಿ ದಾಟಿರುವುದು.

2022ರಲ್ಲಿ ಎರಡು ಸೂ ಬುಡಕಟ್ಟುಗಳು ಸೇರಿ ವೂಂಡೆಡ್ ನೀಯಲ್ಲಿ 40 ಎಕರೆ ಕೊಂಡುಕೊಳ್ಳಲು ಮುಂದಾದವು. ಆ ನೆಲ ಖಾಸಗಿಯವರ ಕೈಯಲ್ಲಿತ್ತು. ಬೆಲೆ 5 ಲಕ್ಷ ಡಾಲರ್. ಖಜಾನೆಯ ಹಣ ಮುಟ್ಟಲಿಲ್ಲ, ತಮ್ಮದೇ ಕೈಯಿಂದ ಹಾಕಿದರು.

ನಮಸ್ಕಾರ.