ಕಂಬ ಎಣಿಸಿದ್ದು ಸಾಕು, ಇನ್ಮೇಲೆ ಗಂಟೆ ಎಣಿಸಿ

ನಮಸ್ಕಾರ ಎಲ್ರಿಗೂ. ಹೋದ ವಾರ ಆಫ್ರಿಕಾದ ಕರೆಂಟ್ ಬಗ್ಗೆ ಮಾಡಿದ್ನಲ್ಲ, ವಿಶ್ವಬ್ಯಾಂಕು ಆಫ್ರಿಕನ್ ಅಭಿವೃದ್ಧಿ ಬ್ಯಾಂಕು ಸೇರ್ಕೊಂಡು 2030ರೊಳಗೆ 30 ಕೋಟಿ ಜನಕ್ಕೆ ಕರೆಂಟ್ ಕೊಡ್ತೀವಿ ಅಂತ ಹೊರಟಿರೋ ಮಿಷನ್ 300, ಆ ವಿಡಿಯೋ ಕೆಳಗೆ ಒಬ್ರು ಬರ್ದಿದಾರೆ, "ಇಂಡಿಯಾ ನೋಡಿ ಕಲೀಲಿ, ನಮ್ಮಲ್ಲಿ ಪ್ರತಿ ಹಳ್ಳಿಗೂ ಕರೆಂಟ್ ಬಂದಾಯ್ತು" ಅಂತ.

ಬಂದಿದ್ದು ಕಂಬ ಸ್ವಾಮಿ. ಕಂಬ.

2018ರ ಏಪ್ರಿಲ್ 28ಕ್ಕೆ ಮಣಿಪುರದ ಲೈಸಾಂಗ್‌ಗೆ ಕರೆಂಟ್ ಹೋಯ್ತು, ದೇಶದ ಕೊನೇ ಹಳ್ಳಿ ಮುಗೀತು ಅಂದ್ರು. ಆದ್ರೆ ಲೆಕ್ಕ ಹೆಂಗೆ ಗೊತ್ತಾ? ಊರಲ್ಲಿ ಟಿಸಿ ಅಂದ್ರೆ ಟ್ರಾನ್ಸ್‌ಫಾರ್ಮರ್ರು, ಲೈನು ಇದ್ದು, ಶಾಲೆ ಪಂಚಾಯ್ತಿ ಆಫೀಸಿಗೆ ಕನೆಕ್ಷನ್ ಇದ್ದು, ನೂರಕ್ಕೆ ಹತ್ತು ಮನೆಗೆ ಬಲ್ಬು ಉರಿದ್ರೆ ಆ ಊರು ವಿದ್ಯುದೀಕರಣ ಆದಂಗೆ! ಉಳಿದ ತೊಂಬತ್ತು ಮನೆ? ಅದಕ್ಕೇ ತಾನೆ 2017ರಲ್ಲಿ ಸೌಭಾಗ್ಯ ಯೋಜನೆ ತಂದಿದ್ದು, ಎರಡೂವರೆ ಕೋಟಿಗೂ ಮೇಲೆ ಮನೆಗೆ ವೈರ್ ಎಳೆದ್ರು, ದೊಡ್ಡ ಕೆಲ್ಸಾನೇ, ನಾನು ಕೈ ಮುಗೀತೀನಿ. ಆದ್ರೂ ಕೇಳ್ತೀನಿ, ದಿನಕ್ಕೆ ಎಷ್ಟು ಗಂಟೆ?

ನಮ್ಮ ದೊಡ್ಡಮ್ಮನ ಊರಲ್ಲಿ ಟಿಸಿ ಸುಟ್ಟೋಯ್ತು, ಪರೀಕ್ಷೆ ಟೈಮು, ಮಗು ಮೊಬೈಲ್ ಟಾರ್ಚಲ್ಲಿ ಓದ್ತು, ಹೊಸ ಟಿಸಿ ಬರೋಕೆ ಹನ್ನೊಂದು ದಿನ, ಅದೂ ಊರೋರೇ ದುಡ್ಡು ಹಾಕಿ ಟ್ರ್ಯಾಕ್ಟರ್ ಮಾಡಿ ತಂದ್ಮೇಲೆ. ಆ ಹನ್ನೊಂದು ದಿನಾನೂ ಸರ್ಕಾರದ ಲೆಕ್ಕದಲ್ಲಿ ಆ ಮನೆಗೆ ಕರೆಂಟ್ ಇದೆ! ಕಂಬ ನಿಂತಿದೆಯಲ್ಲ!

ಅಂದಂಗೆ ಸಬ್‌ಸ್ಕ್ರೈಬ್ ಮಾಡ್ದೇ ನೋಡ್ತಿರೋರು ಈಗ್ಲೇ ಒತ್ತಿ, ಇಂಥ ವಿಷಯಕ್ಕೆ ಯಾರೂ ಆಡ್ ಕೊಡಲ್ಲ, ನೀವೇ ದಿಕ್ಕು.

"ಸೋಲಾರ್ ಬಂತಲ್ಲ" ಅಂತೀರ. ತುಮಕೂರು ಜಿಲ್ಲೆ ಪಾವಗಡದ ಸೋಲಾರ್ ಪಾರ್ಕಿಗೆ ಹೋಗಿ ನೋಡಿ, 13,000 ಎಕರೆ, 2,000 ಮೆಗಾವ್ಯಾಟ್‌ಗೂ ಮೇಲೆ. ಉತ್ಪಾದನೆ ಇದ್ರೆ ಸಾಕಾ? ಸಬ್‌ಸ್ಟೇಷನ್ನಿಂದ ನಿಮ್ಮನೆ ಮೀಟರ್‌ವರೆಗಿನ ಹಳೇ ವೈರು, ಓವರ್‌ಲೋಡ್ ಆದ ಟಿಸಿ, ಹತ್ತೂರಿಗೊಬ್ಬ ಲೈನ್‌ಮ್ಯಾನ್, ಅಲ್ಲಿ ದುಡ್ಡು ಸುರೀಬೇಕು. ಅಲ್ಲಿ ರಿಬ್ಬನ್ ಕಟ್ ಮಾಡೋಕೆ ಏನಿಲ್ಲ, ಅದಕ್ಕೇ ಯಾರೂ ಸುರಿಯಲ್ಲ.

ಸುಧಾರಣೆ ಅಂದ್ರೆ ನಮ್ಮಲ್ಲಿ ಏನಾಯ್ತು, ಹಳೇ ವಿದ್ಯುತ್ ಮಂಡಳಿ ಕೆಇಬಿ ಹೋಗಿ 1999ರಲ್ಲಿ ಕೆಪಿಟಿಸಿಎಲ್ ಅನ್ನೋ ಸರ್ಕಾರಿ ಕಂಪನಿ ಬಂತು, 2002ರಲ್ಲಿ ಮನೆ ಮನೆಗೆ ಕರೆಂಟ್ ಹಂಚೋ ಎಸ್ಕಾಂ ಕಂಪನಿಗಳು ಬಂದ್ವು, ಜನ ಇವತ್ತಿಗೂ ಕೆಇಬಿ ಅಂತಾನೇ ಕರೀತಾರೆ, ಯಾಕಂದ್ರೆ ಹಳ್ಳೀಲಿ ಬದಲಾಗಿದ್ದು ಬೋರ್ಡ್ ಮೇಲಿನ ಹೆಸ್ರು ಅಷ್ಟೇ. 10 ಎಚ್‌ಪಿವರೆಗಿನ ಪಂಪ್‌ಸೆಟ್‌ಗೆ ಫ್ರೀ, ಕೊಡ್ಲಿ, ರೈತ ಬದುಕ್ಲಿ, ಆದ್ರೆ ಆ ಸಬ್ಸಿಡಿ ದುಡ್ಡು ಎಸ್ಕಾಂ ಕೈಗೆ ಟೈಮಿಗೆ ಸೇರ್ಬೇಕು, ಸೇರ್ಲಿಲ್ಲ ಅಂದ್ರೆ ಟಿಸಿ ಯಾವ ದುಡ್ಡಲ್ಲಿ ತರ್ತಾರೆ? "ಮೊದ್ಲು ಕಂಬ ಬರ್ಲಿ, ಆಮೇಲೆ ಗಂಟೆ" ಅನ್ನೋರೇ, 1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ಲೈನ್ ಎಳೆದ್ರು, ಗಣಿಗೆ ಯಾರಾದ್ರೂ ಹಂಗಂದ್ರಾ? ಅಲ್ಲಿ ಕರೆಂಟ್ ಹೋದ್ರೆ ನಷ್ಟ ಅಂತ ಗೊತ್ತಿತ್ತು. ಹಳ್ಳೀಲಿ ಹೋದ್ರೆ ನಷ್ಟ ಇಲ್ವಾ?

2020ರ ಡಿಸೆಂಬರ್‌ನಲ್ಲಿ ಗ್ರಾಹಕರ ಹಕ್ಕಿನ ನಿಯಮಾನೇ ಬಂದಿದೆ, ಕೃಷಿಯಂಥದ್ದು ಬಿಟ್ಟು 24 ಗಂಟೆ ಸಪ್ಲೈ, ತಪ್ಪಿದ್ರೆ ಪರಿಹಾರ ಅಂತ. ನಿಮ್ಮಲ್ಲಿ ಯಾರಿಗಾದ್ರೂ ಒಂದ್ರೂಪಾಯಿ ಪರಿಹಾರ ಬಂದಿದ್ರೆ ಹೇಳಿ, ನಿಮ್ಮ ಮನೆಗೇ ಬಂದು ಇಂಟರ್‌ವ್ಯೂ ಮಾಡ್ತೀನಿ.

ಆಫ್ರಿಕಾದೋರು ಕಲೀಲಿ, ಖಂಡಿತ ಕಲೀಲಿ, ಆದ್ರೆ ನಮ್ಮ ಈ ತಪ್ಪನ್ನ ಬಿಟ್ಟು ಕಲೀಲಿ. 30 ಕೋಟಿ ಜನಕ್ಕೆ ಕನೆಕ್ಷನ್ ಅನ್ನೋ ಲೆಕ್ಕ ಅಲ್ಲ, ಗಂಟೆ! ಗಂಟೆ ಎಣಿಸಿ! ಇನ್ನೇನ್ ಹೇಳ್ಲಿ, ಬರ್ಕೊಂಡಿದ್ದೆಲ್ಲ ಮುಗೀತು, ಸಿಟ್ಟು ಮುಗೀಲಿಲ್ಲ. ನಿನ್ನೆ ರಾತ್ರಿ ನಿಮ್ಮೂರಲ್ಲಿ ಎಷ್ಟು ಗಂಟೆ ಕರೆಂಟ್ ಇತ್ತು, ಊರ ಹೆಸ್ರು ಹಾಕಿ ಕೆಳಗೆ ಬರೀರಿ, ಮುಂದಿನ ವಿಡಿಯೋದಲ್ಲಿ ಒಂದೊಂದೇ ಓದ್ತೀನಿ.