ಶಿಕ್ಷೆ ಉಂಡ ಡಾಕ್ಟರಮ್ಮನ ಕೈಗೇ ಚುಕ್ಕಾಣಿ

ಕೇಳುಗರಿಗೆ ನಮಸ್ಕಾರ.

ಸರ್ಕಾರಿ ನೌಕರಿಯಲ್ಲಿ ಒಮ್ಮೆ ಶಿಸ್ತು ಕ್ರಮ ಆಯಿತು ಅಂದರೆ ಬಡ್ತಿ ಮರೆತುಬಿಡಬೇಕು, ಅಲ್ವಾ? ದಕ್ಷಿಣ ಕೊರಿಯಾದ ಡಾಕ್ಟರ್ ಜಂಗ್ ಉನ್-ಕ್ಯಂಗ್ ಅವರ ಕಥೆ ಹಾಗಾಗಲಿಲ್ಲ.

2015ರ ಮೇ ತಿಂಗಳು. ಕೊಲ್ಲಿ ದೇಶಗಳಿಂದ ಮರಳಿದ ಒಬ್ಬ ವ್ಯಕ್ತಿಯ ಜೊತೆ ಮರ್ಸ್ ಎಂಬ ಉಸಿರಾಟದ ಸೋಂಕು ಕೊರಿಯಾಕ್ಕೆ ಬಂತು. ಅದು ಹೆಚ್ಚಾಗಿ ಹರಡಿದ್ದು ಆಸ್ಪತ್ರೆಗಳ ಒಳಗೇ. ಆದರೆ ಯಾವ ಆಸ್ಪತ್ರೆ ಅಂತ ಸರ್ಕಾರ ಎರಡು ವಾರಕ್ಕೂ ಜಾಸ್ತಿ ಬಾಯಿ ಬಿಡಲಿಲ್ಲ. 186 ಜನರಿಗೆ ಸೋಂಕು ತಗುಲಿತು, 38 ಜನ ಸತ್ತರು. ಆಗ ರೋಗ ನಿಯಂತ್ರಣ ಸಂಸ್ಥೆಯಲ್ಲಿ ಹಿರಿಯ ಅಧಿಕಾರಿಯಾಗಿದ್ದ ಜಂಗ್ ಅವರಿಗೂ ಶಿಕ್ಷೆಯಾಯಿತು, ಸಂಬಳ ಕಡಿತವಾಯಿತು.

ಆ ಪೆಟ್ಟಿನಿಂದ ಕಾನೂನು ಬದಲಾಯಿತು. ಹೊಸ ರೋಗ ಬಂದರೆ ಪರೀಕ್ಷಾ ಕಿಟ್‌ಗೆ ತುರ್ತು ಒಪ್ಪಿಗೆ ಕೊಡುವ ದಾರಿ ಮಾಡಿದರು. ಸೋಂಕಿತರ ಓಡಾಟದ ಮಾಹಿತಿಯನ್ನು ಜನರಿಗೆ ತಿಳಿಸಲೇಬೇಕು ಎಂಬ ನಿಯಮ ಬಂತು. 2017ರಲ್ಲಿ ಜಂಗ್ ಅವರೇ ಸಂಸ್ಥೆಯ ಮುಖ್ಯಸ್ಥೆಯಾದರು. ಆ ಕುರ್ಚಿಯಲ್ಲಿ ಕೂತ ಮೊದಲ ಹೆಣ್ಣುಮಗಳು.

2019ರ ಡಿಸೆಂಬರ್‌ನಲ್ಲಿ ಸಂಸ್ಥೆಯವರು ಒಂದು ಅಣಕು ಕಸರತ್ತು ನಡೆಸಿದರು. ಚೀನಾಕ್ಕೆ ಹೋಗಿಬಂದ ಕುಟುಂಬವೊಂದಕ್ಕೆ ಗೊತ್ತಿಲ್ಲದ ನ್ಯುಮೋನಿಯಾ ಬಂದರೆ ಏನು ಮಾಡುವುದು? ವುಹಾನ್ ಸುದ್ದಿ ಹೊರಬೀಳಲು ಇನ್ನೂ ಸಮಯವಿತ್ತು! 2020ರ ಜನವರಿ 20ಕ್ಕೆ ದೇಶದ ಮೊದಲ ಕೋವಿಡ್ ಪ್ರಕರಣ ಪತ್ತೆಯಾಯಿತು. ಒಂದೇ ವಾರದಲ್ಲಿ ಅಧಿಕಾರಿಗಳು ಸೋಲ್ ರೈಲು ನಿಲ್ದಾಣದ ಕೋಣೆಯೊಂದರಲ್ಲಿ ಕಿಟ್ ಕಂಪನಿಗಳನ್ನು ಕೂರಿಸಿ ಮಾತಾಡಿದರು. ಫೆಬ್ರವರಿ 4ಕ್ಕೆ ಮೊದಲ ಕಿಟ್‌ಗೆ ಒಪ್ಪಿಗೆ ಸಿಕ್ಕಿತು. ಆ ತಿಂಗಳ ಕೊನೆಗೆ ದೇಗು ನಗರದಲ್ಲಿ ಸೋಂಕು ಸ್ಫೋಟಿಸಿ ದೇಶದಲ್ಲಿ ಒಂದೇ ದಿನ 909 ಪ್ರಕರಣ ಬಂದಾಗ ಪರೀಕ್ಷೆಗೆ ಕಿಟ್ ಇತ್ತು. ಕಾರಿನಿಂದ ಇಳಿಯದೆಯೇ ಮಾದರಿ ಕೊಟ್ಟು ಹೋಗುವ ಏರ್ಪಾಡೂ ಆಯಿತು.

ಜಂಗ್ ಟಿವಿಯಲ್ಲಿ ಬಂದು ಅಂಕಿ-ಅಂಶ ಓದುತ್ತಿದ್ದರು. ದನಿ ಏರಿಸುತ್ತಿರಲಿಲ್ಲ, ಬಣ್ಣ ಕಟ್ಟುತ್ತಿರಲಿಲ್ಲ. ನಿದ್ದೆ ಎಷ್ಟು ಮಾಡ್ತೀರಿ ಎಂದು ಕೇಳಿದ್ದಕ್ಕೆ, ಒಂದು ಗಂಟೆಗಿಂತ ಜಾಸ್ತಿನೇ ಅಂದರಂತೆ. ಅವರ ನೆರೆಗೂದಲಿನ ಬಗ್ಗೆಯೂ ಪತ್ರಿಕೆಗಳು ತುಂಬಾ ಬರೆದವು. ಗಂಡಸಾಗಿದ್ದರೆ ಕೂದಲಿನ ಸುದ್ದಿ ಇಷ್ಟು ಬರುತ್ತಿತ್ತೋ ಇಲ್ಲವೋ! ನನಗಂತೂ ಆ ಡಿಸೆಂಬರ್ ಕಸರತ್ತೇ ಹೆಚ್ಚು ದೊಡ್ಡದು ಅನಿಸುತ್ತದೆ.

ಎಲ್ಲವೂ ಸರಿ ಇತ್ತು ಅಂತಲ್ಲ. ಸೋಂಕಿತರು ಯಾವಾಗ ಎಲ್ಲಿಗೆ ಹೋದರು ಎಂಬುದನ್ನು ಮೊದಮೊದಲು ಎಷ್ಟು ಬಿಡಿಸಿ ಹೇಳಿದರೆಂದರೆ, ಅದು ಯಾರೆಂದು ಊಹಿಸಿ ಜನ ಆಡಿಕೊಳ್ಳತೊಡಗಿದರು. ಮುಚ್ಚಿಟ್ಟರೆ ಒಂದು ತೊಂದರೆ, ಜಾಸ್ತಿ ಬಿಚ್ಚಿಟ್ಟರೆ ಇನ್ನೊಂದು. ಮೇ ತಿಂಗಳಲ್ಲಿ ಸೋಲ್‌ನ ಇಟೆವಾನ್ ಕ್ಲಬ್‌ಗಳಲ್ಲಿ ಸೋಂಕು ಹಬ್ಬಿತು. ಅಲ್ಲಿಗೆ ಹೋಗುತ್ತಿದ್ದ ಸಲಿಂಗಕಾಮಿಗಳು, ತಮ್ಮ ಗುಟ್ಟು ರಟ್ಟಾದೀತೆಂದು ಪರೀಕ್ಷೆಗೆ ಬರಲು ಹೆದರಿದರು. ಆಗ ಆಡಳಿತ, ಹೆಸರು ಬೇಡ, ಫೋನ್ ನಂಬರ್ ಕೊಟ್ಟರೆ ಸಾಕು ಎಂದಿತು. ಪರೀಕ್ಷೆಗೆ ಬರುವವರು ಹೆಚ್ಚಾದರು.

ಆ ಸೆಪ್ಟೆಂಬರ್‌ನಲ್ಲಿ ಸಂಸ್ಥೆಗೆ ಹೆಚ್ಚಿನ ಅಧಿಕಾರದ ಸ್ಥಾನ ಸಿಕ್ಕಿತು. ಅಧ್ಯಕ್ಷ ಮೂನ್ ಜೇ-ಇನ್ ತಾವೇ ಓಸೊಂಗ್‌ನ ಕಚೇರಿಗೆ ಬಂದು ಜಂಗ್ ಅವರ ಕೈಗೆ ನೇಮಕಪತ್ರ ಕೊಟ್ಟರು. 2022ರಲ್ಲಿ ಅವರು ಹುದ್ದೆ ಬಿಟ್ಟರು. 2025ರಲ್ಲಿ ಆರೋಗ್ಯ ಸಚಿವೆಯಾಗಿ ಮರಳಿದಾಗ ಎದುರಿಗೆ ವೈರಸ್ ಇರಲಿಲ್ಲ. ಸರ್ಕಾರದ ಮೇಲೆ ಮುನಿಸಿಕೊಂಡು ಕೆಲಸ ಬಿಟ್ಟುಹೋಗಿದ್ದ ತರಬೇತಿ ವೈದ್ಯರಿದ್ದರು.